ರೇವತಿಯ ಹಿಮ್ಮಡಿ, ನನ್ನ ಪಥ್ಯ

ಹೊಲಿಗೆಯ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ. ಕಾಳುಮೆಣಸಿನಷ್ಟು.

ಆಪರೇಷನ್ ಆಗಿ ಹನ್ನೊಂದನೆಯ ದಿನ ಅದು. ಕುಂದಾಪುರದ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ನರ್ಸ್ ಹಳೆಯ ಬ್ಯಾಂಡೇಜು ಬಿಡಿಸಿದಾಗ ಅದನ್ನು ಮೊದಲು ಕಂಡವಳು ನಾನೇ. ನನ್ನ ಸೊಸೆ ರೇವತಿ ಮಗ್ಗುಲಾಗಿ ಮಲಗಿ ಗೋಡೆ ನೋಡುತ್ತಿದ್ದಳು. ಬಲಗಾಲಿನ ಹೊರಬದಿಯಲ್ಲಿ ಮೇಲಿನಿಂದ ಇಳಿದು, ಹಿಮ್ಮಡಿಯ ಹತ್ತಿರ ತಿರುಗಿ, ಪಾದದ ಅಂಚಿನುದ್ದಕ್ಕೆ ಹೋಗುವ ಹೊಲಿಗೆ. ಸರಿಯಾಗಿ ಆ ತಿರುವಿನಲ್ಲೇ ಕಪ್ಪು. ನರ್ಸ್ ಹತ್ತಿಯಿಂದ ಒರೆಸಿದರು. ಹೋಗಲಿಲ್ಲ.

"ಸರ್ ಬಂದು ನೋಡ್ಲಿ" ಎಂದಷ್ಟೇ ಹೇಳಿ ಹೊರಗೆ ಹೋದರು.

ಕಾಲಿನ ಮೇಲೆ ಇಂಥದೇ ಕಪ್ಪನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ. ಆ ಕಾಲು ನನ್ನ ಗಂಡನದು.

ಮೊದಲು ರೇವತಿ ಬಿದ್ದ ಸುದ್ದಿ ಹೇಳುತ್ತೇನೆ. ಅಲ್ಲಿಯೂ ನನ್ನ ತಪ್ಪಿದೆ.

ನಮ್ಮ ಮನೆ ತಲ್ಲೂರಿನ ಹತ್ತಿರ. ಮಗ ಸುರೇಶ ಮೀನುಗಾರಿಕೆಯ ಬೋಟಿನಲ್ಲಿ ಹೋಗುತ್ತಾನೆ, ಹೋದರೆ ಹತ್ತು ದಿನ ಮನೆಗಿಲ್ಲ. ಮದುವೆಯಾಗಿ ಎರಡು ವರ್ಷ. ರೇವತಿ ಬೈಂದೂರಿನ ಹುಡುಗಿ, ಗೇರುಬೀಜದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಮೇ ತಿಂಗಳ ಮೊದಲ ವಾರ ತಾರಸಿಯ ಮೇಲೆ ಚಟ್ಲಿ ಒಣಗಲು ಹಾಕಿದ್ದೆವು. ಹೊರಗಿನವರು ಸಿಗಡಿ ಎನ್ನುವುದನ್ನು ನಾವು ಚಟ್ಲಿ ಎನ್ನುತ್ತೇವೆ. ಮಳೆಗಾಲದಲ್ಲಿ ಬೋಟು ನಿಂತಾಗ ಅದೇ ನಮಗೆ ಆಧಾರ. ನಮ್ಮ ತಾರಸಿಗೆ ಮೆಟ್ಟಿಲಿಲ್ಲ, ಕಬ್ಬಿಣದ ಏಣಿ. ಮಧ್ಯಾಹ್ನ ಒಮ್ಮೆಲೇ ಮೋಡ ಕಟ್ಟಿತು. ರೇವತಿ ಆಗಷ್ಟೇ ಕೆಲಸದಿಂದ ಬಂದು ಚೆಂಬು ಎತ್ತಿ ನೀರು ಕುಡಿಯುತ್ತಿದ್ದಳು.

"ಹೆಣೆ ರೇವತಿ, ಮಳಿ ಬಂತ್! ಬೇಗ ಹತ್ತ್, ಚಟ್ಲಿ ಎಲ್ಲ ಚಂಡಿ ಆತ್ತ್!" ಎಂದು, ಒಣಗಿದ್ದೆಲ್ಲ ಒದ್ದೆಯಾಗುವ ಗಾಬರಿಯಲ್ಲಿ ಕೂಗಿದೆ.

ಅವಳು ಚೆಂಬು ಇಟ್ಟು ಓಡಿದಳು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಒಂದು ಕೈಯಲ್ಲಿ ಚಟ್ಲಿಯ ಗೋಣಿ, ಇನ್ನೊಂದು ಕೈಯಲ್ಲಿ ಏಣಿ. ಏಣಿಯ ಕಂಬಿ ಒದ್ದೆ. "ಬೇಗ ಬೇಗ" ಎಂದು ನಾನು ಕೆಳಗಿನಿಂದ ಹೇಳುತ್ತಲೇ ಇದ್ದೆ. ಹೇಳದಿದ್ದರೂ ಅವಳು ಬೇಗವೇ ಇಳಿಯುತ್ತಿದ್ದಳು. ಕಾಲು ಜಾರಿತು. ನಿಂತ ಹಾಗೆಯೇ ಸಿಮೆಂಟಿನ ಅಂಗಳಕ್ಕೆ ಬಂದು ಬಿದ್ದಳು, ಇಡೀ ಭಾರ ಬಲ ಹಿಮ್ಮಡಿಯ ಮೇಲೆ.

ಅವಳು ಆಡಿದ ಮೊದಲ ಮಾತು, "ಅತ್ತೆ, ಚಟ್ಲಿ ಚೆಲ್ಲಿ ಹೋಯ್ತ್."

ಎಕ್ಸ್‌ರೇ, ಸಿಟಿ ಸ್ಕ್ಯಾನ್ ಆಯಿತು. ಹಿಮ್ಮಡಿಯ ಮೂಳೆ ಬಿಸ್ಕತ್ತಿನ ಹಾಗೆ ಒಡೆದಿದೆ, ಪ್ಲೇಟ್ ಮತ್ತು ಸ್ಕ್ರೂ ಹಾಕಬೇಕು ಎಂದರು ಡಾಕ್ಟರು. ಕೂಡಲೇ ಮಾಡುವ ಹಾಗೂ ಇರಲಿಲ್ಲ. ಕಾಲು ಬಾತು ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿತ್ತು. "ಸ್ವೆಲ್ಲಿಂಗ್ ಇಳಿದು ಚರ್ಮದ ಮೇಲೆ ಸುಕ್ಕು ಕಾಣಬೇಕಮ್ಮ, ಆಮೇಲೆಯೇ ಕೊಯ್ಯುವುದು. ಹಿಮ್ಮಡಿಯ ಚರ್ಮ ತೆಳು, ಅದಕ್ಕೆ ರಕ್ತ ಓಡಾಡುವುದೂ ಕಡಿಮೆ. ಮೂಳೆ ಕೂಡುತ್ತದೆ, ನಮಗೆ ಹೆದರಿಕೆ ಯಾವಾಗಲೂ ಗಾಯದ್ದೇ" ಎಂದು ಬಿಡಿಸಿ ಹೇಳಿದರು. ಒಂಬತ್ತು ದಿನ ಕಾದೆವು. ದಿನವೂ ಬೆಳಿಗ್ಗೆ ನಾನು ಕನ್ನಡಕ ಹಾಕಿಕೊಂಡು ಸೊಸೆಯ ಪಾದದಲ್ಲಿ ಸುಕ್ಕು ಹುಡುಕುತ್ತಿದ್ದೆ. ಮುಖದಲ್ಲಿ ಬೇಡವೆಂದರೂ ಬರುವ ಸುಕ್ಕು ಪಾದಕ್ಕೆ ಬರಲಿ ಎಂದು ದೇವರಿಗೆ ಹರಕೆ ಹೇಳಿಕೊಂಡವಳು ನಾನೊಬ್ಬಳೇ ಇರಬೇಕು.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಮೂರು ಮಾತು ಹೇಳಿದರು. ಕಾಲು ಊರಬಾರದು. ಎರಡು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ ಕಾಲು ಇರಬೇಕು. ಊಟ ಚೆನ್ನಾಗಿ ಮಾಡಬೇಕು.

ಮೊದಲನೆಯದನ್ನು ಮಾತ್ರ ನಾವು ಸರಿಯಾಗಿ ಮಾಡಿದೆವು.

ಎರಡನೆಯದು ಹೇಗೆ ಕೆಟ್ಟಿತೆಂದರೆ, ಹೊರಗಿನ ಕೋಣೆಯ ಮಂಚದ ಮೇಲೆ ರೇವತಿ, ಅವಳನ್ನು ನೋಡಲು ದಿನಕ್ಕೆ ನಾಲ್ಕು ಜನ. ನಮ್ಮಲ್ಲಿ ದೊಡ್ಡವರ ಎದುರು ಕಾಲು ಚಾಚುವುದಿಲ್ಲ. ಚಾಚಿದ ಕಾಲನ್ನು ದಿಂಬಿನ ಮೇಲೇರಿಸಿ ಅವರ ಮುಖಕ್ಕೆ ತೋರಿಸುವುದಂತೂ ದೂರದ ಮಾತು. ಯಾರಾದರೂ ಹಿರಿಯರು ಬಾಗಿಲಿಗೆ ಬಂದರೆ ಅವಳು ಎರಡೂ ಕೈಯಲ್ಲಿ ಕಾಲನ್ನು ಎತ್ತಿ ಕೆಳಗಿಳಿಸಿ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಬಂದವರು ತಾಸುಗಟ್ಟಲೆ ಕೂರುತ್ತಿದ್ದರು. ಕಾಲು ಕೆಳಗೆ ಜೋತು ಬಿದ್ದು ಕೆಂಪಾಗುತ್ತಿತ್ತು. "ನಿಮ್ಮ ಸೊಸಿ ಒಳ್ಳೆಯವ್ಳ್ ಮರಾಯ್ತಿ, ಇಷ್ಟ್ ನೋವಿದ್ರೂ ಮರ್ಯಾದಿ ಬಿಡ್ಲಿಲ್ಲೆ" ಎನ್ನುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ. "ಕಾಲು ಮೇಲಿಡು" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮೂರನೆಯದನ್ನು ಬರೆಯುವುದು ಕಷ್ಟ. ಬರೆಯುತ್ತೇನೆ.

ಇಪ್ಪತ್ತೇಳು ವರ್ಷ ನಾನು ಅಂಗನವಾಡಿ ಟೀಚರ್ ಆಗಿದ್ದೆ. ಈಗ ನಿವೃತ್ತಿಯಾಗಿ ಮೂರು ವರ್ಷ. ತಾಯಂದಿರ ಸಭೆಯಲ್ಲಿ ಚಾರ್ಟ್ ತೂಗುಹಾಕಿ, ಕೋಲು ಹಿಡಿದು, ಮೊಟ್ಟೆಯಲ್ಲಿ ಏನಿದೆ, ಮೀನಿನಲ್ಲಿ ಏನಿದೆ, ಬೇಳೆಯಲ್ಲಿ ಏನಿದೆ ಎಂದು ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ಗರ್ಭಿಣಿಗೆ ಮೊಟ್ಟೆ ಕೊಡದ ಅತ್ತೆಯಂದಿರ ಮನೆಗೆ ಹೋಗಿ ಜಗಳ ಮಾಡಿ ಬಂದಿದ್ದೇನೆ. "ಟೀಚರಮ್ಮ ಬಂದ್ರ್, ಮೊಟ್ಟಿ ತೆಗೀರೆ" ಎಂದು ಹೆಂಗಸರು ನನ್ನನ್ನು ತಮಾಷೆ ಮಾಡುತ್ತಿದ್ದರು.

ಅಂಥ ನಾನು, ಸೊಸೆಯ ಕಾಲಿಗೆ ಕತ್ತಿ ತಾಗಿದ ದಿನದಿಂದ, ಮೀನು ನಿಲ್ಲಿಸಿದೆ. ಮೊಟ್ಟೆ ನಿಲ್ಲಿಸಿದೆ. ಕೋಳಿ, ಉದ್ದು, ಹಲಸು, ಎಲ್ಲ ನಿಲ್ಲಿಸಿದೆ.

ನಂಜು. ಈ ಶಬ್ದವನ್ನು ನಮ್ಮ ಕಡೆಯವರಿಗೆ ವಿವರಿಸುವ ಅಗತ್ಯವಿಲ್ಲ. ಗಾಯ ಹಸಿಯಿರುವಾಗ ಇಂಥಿಂಥದನ್ನು ತಿಂದರೆ ನಂಜಾಗುತ್ತದೆ, ಗಾಯ ಕೀವು ಕಟ್ಟಿ ಸೋರುತ್ತದೆ ಎಂಬುದು ನಮ್ಮ ಅಜ್ಜಿಯಂದಿರ ಕಾಲದ ಮಾತು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ನಿಂಬೆ ಉಪ್ಪಿನಕಾಯಿ. ಮಧ್ಯಾಹ್ನ ಅನ್ನ, ಜೀರಿಗೆ ಮೆಣಸಿನ ಸಾರು. ಸಂಜೆ ಮತ್ತೆ ಗಂಜಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನಗೇ ಹೇಳಿ ಮಾಡಿಸಿದ್ದು. ಒಂದೇ ವ್ಯತ್ಯಾಸ, ನಮ್ಮ ಮನೆಯಲ್ಲಿ ಬದನೆಕಾಯಿಯೂ ನಂಜಿನ ಪಟ್ಟಿಯಲ್ಲಿತ್ತು.

ಗೊತ್ತಿದ್ದೂ ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ, ಅದಕ್ಕೆ ಹತ್ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ನನ್ನ ಗಂಡನೂ ದೋಣಿಗೆ ಹೋಗುತ್ತಿದ್ದವರು. ಒಂದು ದಿನ ಹೊಳೆಯ ಕಲ್ಲಿಗಂಟಿದ ಚಿಪ್ಪು ಅಂಗಾಲನ್ನು ಕೊಯ್ದಿತು. ಸಣ್ಣ ಗಾಯ. ಅವರಿಗೆ ಬಂಗುಡೆ ಎಂದರೆ ಪ್ರಾಣ. ಕೇಳಿದರು, ಮಾಡಿಕೊಟ್ಟೆ. ಚಾರ್ಟ್ ಓದಿದವಳಲ್ಲವೇ, ಮೀನು ತಿಂದರೆ ಗಾಯ ಬೇಗ ಮಾಯುತ್ತದೆ ಎಂದು ಅತ್ತೆಗೆ ಪಾಠವನ್ನೂ ಹೇಳಿದೆ. ಗಾಯ ಮಾಯಲಿಲ್ಲ. ಕಪ್ಪಾಯಿತು. ಅಂಗಾಲಿನಿಂದ ಪಾದಕ್ಕೆ, ಪಾದದಿಂದ ಮೇಲಕ್ಕೆ ಏರಿತು. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ತಡವಾಗಿತ್ತು. ರಕ್ತದಲ್ಲಿ ಸಕ್ಕರೆ ತುಂಬಾ ಇದೆ ಎಂದು ಅಲ್ಲಿ ಏನೋ ಹೇಳಿದರು. ನಮಗೆ ಅದು ತಲೆಗೆ ಹೋಗಲಿಲ್ಲ. ಸುರೇಶ ಆಗ ಏಳನೆಯ ಕ್ಲಾಸು.

ಅವರ ಉತ್ತರಕ್ರಿಯೆಯ ಬೊಜ್ಜದ ದಿನ, ಊಟಕ್ಕೆ ಕೂತ ನೆಂಟರೆಲ್ಲರ ಎದುರು ನನ್ನ ಅತ್ತೆ ಹೇಳಿದರು.

"ಬಂಗ್ಡಿ ಹಾಕಿ ಹಾಕಿ ನನ್ನ ಮಗನ ಕಾಲ್ ಕೊಳ್ಸ್‌ದ್ಲ್."

ಅಂದಿನಿಂದ ನಮ್ಮ ಮನೆಯಲ್ಲಿ ಬಂಗುಡೆ ಮಾಡಿಲ್ಲ. ಮಗ ಬೋಟಿನಿಂದ ತಂದರೆ ಪಕ್ಕದ ಗಿರಿಜಕ್ಕನ ಮನೆಗೆ ಹೋಗುತ್ತದೆ. ಅಂಗನವಾಡಿಯಲ್ಲಿ ಮೀನಿನ ಪಾಠ ಹೇಳುತ್ತಲೇ ಇದ್ದೆ. ಅದು ಊರಿನ ಮಕ್ಕಳಿಗೆ. ಮನೆಯೊಳಗೆ ಒಂದು ಗಾಯ ಎಂದರೆ ಮಾತ್ರ ನನ್ನ ಕೈ ತಾನಾಗಿ ಪಥ್ಯದ ಕಡೆಗೆ ಹೋಗುತ್ತಿತ್ತು. ಇನ್ನೊಮ್ಮೆ ಆ ಮಾತು ಕೇಳಲು ನನ್ನಿಂದಾಗದು.

ಈಗ ಅನ್ನಿಸುತ್ತದೆ, ನಾನು ಪಥ್ಯ ಮಾಡಿಸಿದ್ದು ರೇವತಿಯ ಕಾಲಿಗಾಗಿ ಅಲ್ಲ, ನನ್ನ ಹೆಸರಿಗಾಗಿ.

ಕಪ್ಪು ಚುಕ್ಕೆ ನೋಡಿದ ಡಾಕ್ಟರು ಅಂದು ಹೆಚ್ಚು ಹೇಳಲಿಲ್ಲ. ಅಂಚಿನ ಚರ್ಮ ಸ್ವಲ್ಪ ಸತ್ತಿದೆ, ನೋಡೋಣ, ದಿನ ಬಿಟ್ಟು ದಿನ ಡ್ರೆಸ್ಸಿಂಗ್‌ಗೆ ಬನ್ನಿ ಎಂದರು. ನಾನು ಮನೆಗೆ ಬಂದು ಪಥ್ಯ ಇನ್ನಷ್ಟು ಬಿಗಿ ಮಾಡಿದೆ. ಸಾರಿಗೆ ಹಾಕುತ್ತಿದ್ದ ಒಂದು ಮುಷ್ಟಿ ಬೇಳೆಯನ್ನೂ ಬಿಟ್ಟೆ.

ಆ ವಾರವೇ ರೇವತಿಯ ಅಮ್ಮ ಸೀತಕ್ಕ ಬೈಂದೂರಿನಿಂದ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಸ್ಟೀಲಿನ ಬುತ್ತಿ. ಮಗಳ ಹತ್ತಿರ ಹೋಗುವ ಮೊದಲು ಅಡುಗೆಮನೆಗೆ ಬಂದು ನನ್ನ ಎದುರು ಬುತ್ತಿಯನ್ನಿಟ್ಟರು.

"ಅಕ್ಕ, ಕಾಣೆ ಮೀನಿನ ಗಸಿ. ಹೆಣ್ಣಿಗ್ ಒಂಚೂರ್ ಬಾಯ್ ರುಚಿ ಆಯ್ಲಿ ಅಂದೇಳಿ ತಂದೆ."

"ಗಾಯ ಹಸಿ ಇತ್ತ್ ಸೀತಕ್ಕ. ನಂಜಾತ್ತ್. ನಿಮ್ಗೆ ಗೊತ್ತಿಪ್ದೇ ಅಲ್ದಾ?"

ಅವರ ಮುಖ ಸಣ್ಣದಾಯಿತು. ಆದರೆ ಹೆಣ್ಣು ಕೊಟ್ಟವರು. "ಹೌದ್ ಹೌದ್, ನೀವ್ ಹೇಳ್ದ್ ಸಮ" ಎಂದರು. ಮಗಳ ತಲೆ ಸವರಿ, ಸಂಜೆಯ ಬಸ್ಸಿಗೆ ಹೊರಟರು. ಬುತ್ತಿಯನ್ನು ಮಾತ್ರ ಬಿಟ್ಟು ಹೋದರು.

ಆ ಮೀನನ್ನು ನಾನೂ ಸುರೇಶನೂ ತಿಂದೆವು.

ಹೊರಗಿನ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಪರದೆ ಅಷ್ಟೇ. ಅಮ್ಮನ ಕೈಯ ಗಸಿಯ ಪರಿಮಳ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಗಂಜಿಯ ಬಟ್ಟಲು ಖಾಲಿ ಮಾಡಿ, "ಸಾಕ್ ಅತ್ತೆ, ಹೊಟ್ಟಿ ತುಂಬ್ತ್" ಎಂದಳು. ನಾನು ಬಟ್ಟಲು ತೊಳೆದಿಟ್ಟೆ. ಇದನ್ನು ನೆನೆದಾಗಲೆಲ್ಲ ಕೈಯಲ್ಲಿರುವ ತುತ್ತು ಬಾಯಿಗೆ ಹೋಗುವುದಿಲ್ಲ.

ಜೂನ್ ಬಂತು. ಬೋಟುಗಳು ನಿಂತು ಸುರೇಶ ಮನೆಯಲ್ಲೇ ಉಳಿದ. ಕಾಳುಮೆಣಸು ಅಡಿಕೆಯಾಯಿತು. ಕಪ್ಪು ಚರ್ಮದ ಕೆಳಗಿನಿಂದ ಹಳದಿ ನೀರು ಸೋರತೊಡಗಿತು. ಮತ್ತೆ ಅಡ್ಮಿಟ್ ಮಾಡಿ, ಸತ್ತ ಚರ್ಮ ಕತ್ತರಿಸಿ ತೆಗೆದರು. ಅದಕ್ಕೆ ಡಿಬ್ರೈಡ್‌ಮೆಂಟ್ ಎನ್ನುತ್ತಾರಂತೆ. ತೆಗೆದ ಮೇಲೆ ಅಲ್ಲೊಂದು ಗುಳಿ. ಗುಳಿಯಲ್ಲಿ ಕೆಂಪು ಮಾಂಸ ಬರಬೇಕಿತ್ತು. ಬಿಳಿಚಿಕೊಂಡೇ ಇತ್ತು. ರೇವತಿಯೂ ಬಿಳಿಚಿಕೊಂಡಿದ್ದಳು. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಮಕ್ಕಳ ತೂಕ ನೋಡಿ ನೋಡಿ ಪಳಗಿದ ಕಣ್ಣು ನನ್ನದು, ತೋಳು ಕಂಡರೆ ಹೇಳಬಲ್ಲೆ. ಅಂಗನವಾಡಿಗೆ ಇಂಥ ಮಗು ಬಂದಿದ್ದರೆ ಅದರ ತಾಯಿಗೆ ಮಂಗಳಾರತಿ ಮಾಡುತ್ತಿದ್ದೆ.

ರಕ್ತ ಪರೀಕ್ಷೆಯ ರಿಪೋರ್ಟ್ ಹಿಡಿದು ಡಾಕ್ಟರು ಮಂಚದ ಹತ್ತಿರ ಬಂದರು.

"ಶುಗರ್ ಇಲ್ಲ. ಇನ್ಫೆಕ್ಷನ್‌ಗೆ ಔಷಧಿ ನಡೀತಿದೆ. ಆದರೆ ಅಲ್ಬುಮಿನ್, ಅಂದರೆ ರಕ್ತದ ಪ್ರೋಟೀನ್, ತುಂಬಾ ಕಡಿಮೆ, ಹಿಮೋಗ್ಲೋಬಿನ್ ಕೂಡ. ಊಟ ಸರಿಯಾಗಿ ಮಾಡ್ತಾ ಇದ್ದೀಯೇನಮ್ಮ? ಮೀನು, ಮೊಟ್ಟೆ ತಿಂತೀಯಾ?"

ನಾನು ಬಾಗಿಲ ಹತ್ತಿರ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಫ್ಲಾಸ್ಕಿನಲ್ಲಿ ಗಂಜಿ.

ರೇವತಿ ನನ್ನ ಕಡೆ ನೋಡಲೇ ಇಲ್ಲ. "ಹೌದ್ ಸರ್. ಮೀನ್, ಮೊಟ್ಟಿ ಎಲ್ಲ ತಿಂತೆ. ಅತ್ತೆ ಮಾಡಿ ಕೊಡ್ತ್ರ್" ಎಂದಳು.

ಡಾಕ್ಟರು ನನ್ನ ಕಡೆ ತಿರುಗಿದರು.

ನಾನು ತಲೆಯಾಡಿಸಿದೆ.

ಅಷ್ಟೇ. ಒಂದು ಸುಳ್ಳನ್ನು ಅವಳು ನನಗಾಗಿ ಹೇಳಿದಳು, ನಾನು ಅದನ್ನು ತೆಗೆದು ಸೆರಗಿಗೆ ಕಟ್ಟಿಕೊಂಡೆ. ಚಟ್ಲಿಗಾಗಿ ಕೂಗಿದ್ದನ್ನು ಅವಸರ ಎನ್ನಬಹುದು, ಪಥ್ಯವನ್ನು ಹೆದರಿಕೆ ಎನ್ನಬಹುದು. ಈ ತಲೆಯಾಡಿಸಿದ್ದಕ್ಕೆ ಏನೆನ್ನಲಿ? ಡಾಕ್ಟರು ಗೊಂದಲದಲ್ಲಿ ಹುಬ್ಬು ಗಂಟಿಕ್ಕಿ, ಹಾಗಾದರೆ ಬೇರೇನು ಕಾರಣ ನೋಡಬೇಕು ಎಂದು ಇನ್ನೂ ನಾಲ್ಕು ಟೆಸ್ಟ್ ಬರೆದರು. ಅವಳ ಸೊರಗಿದ ಕೈಯಿಂದ ಇನ್ನಷ್ಟು ರಕ್ತ ತೆಗೆದರು.

ಒಂದು ವಾರದ ಮೇಲೆ ಡ್ರೆಸ್ಸಿಂಗ್ ಬಿಚ್ಚಿದಾಗ ಗುಳಿಯ ತಳದಲ್ಲಿ ಏನೋ ಹೊಳೆಯಿತು.

ಪ್ಲೇಟ್.

ಮನುಷ್ಯರ ಕಾಲಿನೊಳಗಿನಿಂದ ಲೋಹ ಇಣುಕುವುದನ್ನು ನೋಡಿದ ಮೇಲೆ ಸ್ಟೂಲ್ ಎಳೆದುಕೊಂಡು ಕೂತೆ. ಡಾಕ್ಟರು ಸುರೇಶನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು. ಗಾಯದ ನೀರು ಹೀರಿ ತೆಗೆಯುವ ವ್ಯಾಕ್ ಎಂಬ ಮೆಷಿನ್ ಹಾಕಿ ನೋಡೋಣ. ಹತ್ತು ಹನ್ನೆರಡು ದಿನದಲ್ಲಿ ಮಾಂಸ ಬರದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿ ಪ್ಲೇಟ್ ತೆಗೆದು ಬೇರೆ ಕಡೆಯಿಂದ ಮಾಂಸ, ಚರ್ಮ ತಂದು ಮುಚ್ಚಬೇಕಾಗಬಹುದು. ಸೋಂಕು ಮೂಳೆಗೆ ಇಳಿದರೆ ಹಿಮ್ಮಡಿ ಉಳಿಸುವುದೇ ಕಷ್ಟ.

"ಅಂದ್ರೆ ಕಾಲ್ ತೆಗಿತ್ರಾ ಸರ್?" ಎಂದ ಸುರೇಶ. ಅವನ ಧ್ವನಿ ಏಳನೆಯ ಕ್ಲಾಸಿನ ಹುಡುಗನದಾಗಿತ್ತು.

"ಅಲ್ಲಿಯವರೆಗೆ ಹೋಗದ ಹಾಗೆ ನೋಡೋಣ" ಎಂದರು ಡಾಕ್ಟರು.

ಸುರೇಶ ಔಷಧಿ ತರಲು ಹೋದ. ಅವನ ಬೆನ್ನು ಮರೆಯಾಗುವವರೆಗೆ ಕಾದು, ನಾನು ಡಾಕ್ಟರ ಕೋಣೆಯ ಬಾಗಿಲಿಗೆ ಹೋದೆ. ಹೊರಗೆ ಸಾಲು. ಟೋಕನ್ ಕೇಳಿದರು. ಇಲ್ಲ ಎಂದೆ. ಎರಡು ನಿಮಿಷ ಎಂದು ಬೇಡಿ ಒಳಗೆ ಹೋದೆ. ಎದುರಿನ ಕುರ್ಚಿಯ ಅಂಚಿನಲ್ಲಿ ಕೂತೆ.

"ಸರ್, ಅವ್ಳ್ ಸುಳ್ಳ್ ಹೇಳ್ದ್ಲ್" ಎಂದೆ. "ಮೀನಿಲ್ಲೆ, ಮೊಟ್ಟಿ ಇಲ್ಲೆ. ನಾನೇ ಎಂತದೂ ಕೊಡ್ಲಿಲ್ಲೆ. ನಂಜಾತ್ತ್ ಅಂದೇಳಿ ಬರೀ ಗಂಜಿ ಕೊಟ್ಟೆ. ಒಂದೂವರಿ ತಿಂಗ್ಳಾಯ್ತ್."

ಡಾಕ್ಟರು ಪೆನ್ನು ಕೆಳಗಿಟ್ಟರು.

"ನಾನ್ ಅಂಗನವಾಡಿ ಟೀಚರ್ ಆಗಿದ್ದೆ ಸರ್" ಎಂದೆ. ಯಾಕೆ ಹೇಳಿದೆನೋ. ಬಯ್ಯಲು ಇನ್ನೊಂದು ಕಾರಣ ಸಿಗಲಿ ಎಂದಿರಬೇಕು.

ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಮನೆಯಲ್ಲಿ ಮೊಟ್ಟೆ ಇದೆಯಾ?" ಎಂದು ಕೇಳಿದರು. ಇದೆ ಎಂದೆ. "ಇವತ್ತಿನಿಂದ ದಿನಕ್ಕೆ ಮೂರು. ಎರಡು ಹೊತ್ತು ಮೀನು. ಬೇಳೆ, ಹಾಲು. ಅಮ್ಮ, ಇದೊಂದರಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಆ ಜಾಗವೇ ಹಾಗೆ, ಚೆನ್ನಾಗಿ ತಿಂದವರಿಗೂ ಕೆಲವೊಮ್ಮೆ ಗಾಯ ಬಾಯಿ ಬಿಡುತ್ತದೆ. ಆದರೆ ಮನೆ ಕಟ್ಟಲು ಕಲ್ಲೇ ಕೊಡದಿದ್ದರೆ ಮೇಸ್ತ್ರಿ ಏನು ಮಾಡಬೇಕು?"

ನಾನು ಏಳಲಿಲ್ಲ. ಹೊರಗೆ ಸಾಲು ಇರುವುದು ಗೊತ್ತಿದ್ದೂ ಏಳಲಿಲ್ಲ. ಹತ್ತೊಂಬತ್ತು ವರ್ಷದಿಂದ ಯಾರನ್ನೂ ಕೇಳದ ಒಂದು ಪ್ರಶ್ನೆ ಇತ್ತು. ಅಂಗನವಾಡಿಗೆ ವರ್ಷವರ್ಷ ಬರುತ್ತಿದ್ದ ಡಾಕ್ಟರುಗಳನ್ನೂ ಕೇಳಿರಲಿಲ್ಲ. ಹೌದು ಎಂದುಬಿಟ್ಟರೆ ಎಂಬ ಭಯ.

"ಬಂಗ್ಡಿ ತಿಂದ್ರೆ ಕಾಲ್ ಕೊಳಿತ್ತಾ ಸರ್?"

ಗಂಡನ ಸುದ್ದಿ ಎಲ್ಲ ಹೇಳಿದೆ. ಚಿಪ್ಪು, ಕಪ್ಪು, ಸಕ್ಕರೆ. ಅವರು ಸಕ್ಕರೆ ಎಂದ ಕಡೆ ನನ್ನನ್ನು ತಡೆದರು.

"ಅದು ಸಕ್ಕರೆ ಕಾಯಿಲೆಯಮ್ಮ. ಮುಂಚೆಯೇ ಇದ್ದಿರಬೇಕು, ಯಾರಿಗೂ ಗೊತ್ತಾಗಲಿಲ್ಲ. ಬಂಗುಡೆ ಏನೂ ಮಾಡಲಿಲ್ಲ. ನೀವೂ ಏನೂ ಮಾಡಲಿಲ್ಲ."

ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ. ಯಾವುದಕ್ಕೆ ಅಳುತ್ತಿದ್ದೇನೆ ಎಂಬುದು ನನಗೇ ತಿಳಿಯಲಿಲ್ಲ. ಮಾಡದ ತಪ್ಪನ್ನು ಅಷ್ಟು ವರ್ಷ ಹೊತ್ತಿದ್ದೆ. ಅದೇ ತಪ್ಪು ಇನ್ನೊಮ್ಮೆ ಆಗದಿರಲಿ ಎಂದು ಹೋಗಿ, ನಿಜವಾಗಿಯೂ ಒಂದು ತಪ್ಪು ಮಾಡಿದ್ದೆ. ಒಂದನ್ನು ಇಳಿಸಿದ ಆ ಕ್ಷಣವೇ ಇನ್ನೊಂದು ಬಂದು ಹೆಗಲೇರಿತು. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸು, ಯಾರು ಹೋದರು ಎಂದು ಮೆಲ್ಲಗೆ ಕೇಳಿದರು. ಯಾರೂ ಇಲ್ಲ ಎಂದೆ.

ಆ ಸಂಜೆ ಮನೆಗೆ ಹೋಗಿ ಮೂರು ಮೊಟ್ಟೆ ಬೇಯಿಸಿ, ಬಸ್ಸು ಹಿಡಿದು ಆಸ್ಪತ್ರೆಗೆ ಮರಳಿದೆ. ರೇವತಿಯ ಕಾಲಿನ ಮೇಲೆ ಆಗಲೇ ಸ್ಪಂಜು ಇಟ್ಟು, ಪ್ಲಾಸ್ಟಿಕ್ ಹಾಳೆ ಅಂಟಿಸಿ, ನಳಿಗೆ ಸೇರಿಸಿದ್ದರು. ಮಂಚದ ಕೆಳಗೆ ಮೆಷಿನ್ ಗುರ್ ಎನ್ನುತ್ತಿತ್ತು. ಮೊಟ್ಟೆ ಬಿಡಿಸಿ ಉಪ್ಪು ಹಾಕಿ ಅವಳ ಕೈಗೆ ಕೊಟ್ಟೆ. ಅವಳು ಮೊಟ್ಟೆಯನ್ನೂ ನನ್ನನ್ನೂ ನೋಡಿದಳು.

"ಡಾಕ್ಟ್ರ ಹತ್ರ ನಿಜ ಹೇಳಿ ಬಂದೆ" ಎಂದೆ. "ತಿನ್."

ಮೊದಲ ಮೊಟ್ಟೆಯನ್ನು ಎರಡೇ ತುತ್ತಿನಲ್ಲಿ ಮುಗಿಸಿದಳು. ಎಷ್ಟು ಹಸಿದಿದ್ದಳು. ನೋಡಲಾಗಲಿಲ್ಲ, ಕಿಟಕಿಯ ಕಡೆ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ.

"ಎಂತಕ್ಕೆ ಸುಳ್ಳ್ ಹೇಳ್ದೆ ಹೆಣೆ? ನಾನ್ ಬಯ್ತೆ ಅಂದೇಳಿ ಹೆದ್ರಿಕಿಯಾ?"

"ಹೆದ್ರಿಕಿ ಅಲ್ಲ ಅತ್ತೆ." ಎಂದಳು. "ಬಂಗ್ಡಿ ಸುದ್ದಿ ಇವ್ರ್ ನಂಗೆ ಮದಿ ಆದ್ ಹೊಸ್ತ್ರಲ್ಲೇ ಹೇಳಿದ್ರ್. ನಾನ್ ಹಟ ಮಾಡಿ ಮೀನ್ ತಿಂದ್, ಕಾಲ್ ಹಾಳಾರೆ, ಜನ ಮತ್ತೆ ನಿಮ್ಮನ್ನೇ ಹೇಳುದಲ್ದಾ? ಎರಡೆರಡ್ ಸಲ ಆ ಮಾತ್ ನೀವ್ ಎಂತಕ್ಕೆ ಕೇಂಬುದ್?"

ಮೆಷಿನ್ ಗುರ್ ಎನ್ನುತ್ತಿತ್ತು.

ನಾನು ಅವಳನ್ನು ಎರಡು ವರ್ಷ ಬಾಯಿಲ್ಲದ ಹುಡುಗಿ ಎಂದುಕೊಂಡಿದ್ದೆ. ನೆಂಟರ ಹತ್ತಿರ ಹಾಗೆಂದು ಹೊಗಳಿಯೂ ಇದ್ದೆ. ಅವಳು ತನ್ನ ಹಿಮ್ಮಡಿಯನ್ನು ಒಂದು ಕಡೆ, ನನ್ನ ಮಾನವನ್ನು ಇನ್ನೊಂದು ಕಡೆ ಇಟ್ಟು ತೂಗಿದ್ದಳು. ನಾನೂ ಹಾಗೆಯೇ ತೂಗಿದ್ದೆ. ಇಬ್ಬರ ತಕ್ಕಡಿಯಲ್ಲೂ ತಗ್ಗಿದ್ದು ನನ್ನ ಮಾನದ ತಟ್ಟೆಯೇ. ಅವಳ ಕೈ ಹಿಡಿದು "ತಪ್ಪಾಯ್ತ್ ಮಗಾ" ಎಂದೆ. ಅತ್ತೆಯಾದವಳು ಸೊಸೆಗೆ ಹೇಳುವ ಮಾತಲ್ಲ ಅದು, ನಮ್ಮ ಕಡೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅವಳು, "ಇನ್ನೊಂದ್ ಮೊಟ್ಟಿ ಇತ್ತಾ?" ಎಂದಳು.

ಅಂದಿನಿಂದ ಮನೆಯೇ ಅಂಗನವಾಡಿಯಾಯಿತು, ಮಾಡಿದ್ದೆಲ್ಲ ಬುತ್ತಿಯಲ್ಲಿ ಆಸ್ಪತ್ರೆಗೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಮೂರು ಗೀಟು, ಮೊಟ್ಟೆಗೆ. ಬೋಟು ನಿಂತಿದ್ದ ಕಾಲವಾದ್ದರಿಂದ ಸುರೇಶ ಬೆಳಿಗ್ಗೆಯೇ ಎದ್ದು ನಾಡದೋಣಿಯವರ ಹತ್ತಿರ ಹೋಗಿ ಸಿಕ್ಕ ಮೀನು ತರುತ್ತಿದ್ದ. ಬಾಣಂತಿಯರಿಗೆ ಮಾಡಿಕೊಡುವ ತಾಟೆ ಮೀನನ್ನು ಕಾಳುಮೆಣಸು ಅರೆದು ಮಾಡಿದೆ. ಸೀತಕ್ಕನಿಗೆ ನಾನೇ ಫೋನ್ ಮಾಡಿ, "ಕಾಣೆ ಗಸಿ ಮಾಡ್ಕಂಡ್ ಬನ್ನಿ, ನಿಮ್ಮ ಕೈದೇ ಬೇಕ್" ಎಂದೆ. ಮಾರನೆಯ ದಿನವೇ ಬಂದರು. ಹಿಂದಿನ ಸಲದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಮಗಳಿಗೆ ತುತ್ತು ಕೊಡುವಾಗ ನಾನು ಕಾರಿಡಾರಿಗೆ ಹೋದೆ. ನೋಡಲು ಬರುವ ಹಿರಿಯರಿಗೆ ವಾರ್ಡಿನ ಬಾಗಿಲಲ್ಲೇ ಹೇಳುತ್ತಿದ್ದೆ, ಅವಳು ಕಾಲು ಮೇಲಿಟ್ಟೇ ಮಲಗುತ್ತಾಳೆ, ಬೇಸರವಾಗುವುದಾದರೆ ಒಳಗೆ ಬರಬೇಡಿ ಎಂದು. ಒಬ್ಬರಿಬ್ಬರಿಗೆ ಬೇಸರವಾಯಿತು. ಆಗಲಿ.

ಎಂಟನೆಯ ದಿನ ಸ್ಪಂಜು ತೆಗೆದಾಗ ಗುಳಿಯ ಅಂಚಿನಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಕಂಡಿತು. ನರ್ಸ್ ನಕ್ಕರು. ಡಾಕ್ಟರು ಬಗ್ಗಿ ನೋಡಿ, "ಬರ್ತಾ ಇದೆ" ಎಂದರು. ಎರಡೇ ಶಬ್ದ. ಮೆಷಿನ್, ಔಷಧಿ, ಡಾಕ್ಟರ ಕೈ, ಮೊಟ್ಟೆ, ಯಾವುದರಿಂದ ಎಷ್ಟು ಎಂದು ನಾನು ಹೇಳಲಾರೆ. ಕೇಳಿದ್ದಕ್ಕೆ ಅವರೂ ಎಲ್ಲ ಸೇರಿ ಎಂದರು.

ಪ್ಲೇಟ್ ಮುಚ್ಚಲು ಜುಲೈ ಮುಗಿಯಿತು. ಮೇಲೆ ಚರ್ಮ ಕೂಡಲು ಆಗಸ್ಟ್ ಕಳೆಯಿತು. ನಡುವೆ ಎರಡು ಸಲ ಜ್ವರ ಬಂದು ನಮ್ಮೆಲ್ಲರ ಜೀವ ಹಾರಿಸಿತು. ಈಗ ಅಲ್ಲಿ ನಯವಾದ, ತಿಳಿಗೆಂಪಿನ ಕಲೆ. ತೆಳು ಎಂದರೆ ತೆಳು, ಚಪ್ಪಲಿಯ ಪಟ್ಟಿ ತಾಗಿದರೆ ಸುಲಿಯುತ್ತದೆ. ಹಿಮ್ಮಡಿ ಮೊದಲಿಗಿಂತ ಅಗಲವಾಗಿದೆ. ಏರಿಳಿತದ ನೆಲದಲ್ಲಿ ಕುಂಟುತ್ತಾಳೆ. ಪ್ಲೇಟ್ ಒಳಗೇ ಇದೆ, ಮುಂದೆ ತೊಂದರೆ ಕೊಟ್ಟರೆ ತೆಗೆಯಬೇಕಾದೀತು ಎಂದಿದ್ದಾರೆ. ಫ್ಯಾಕ್ಟರಿಗೆ ಇನ್ನೂ ಹೋಗುತ್ತಿಲ್ಲ. ಬಸ್ ಸ್ಟಾಪಿನವರೆಗೆ ನಡೆದು ಹೋಗಿ ಬರುತ್ತಾಳೆ, ನಾನು ಅಂಗಳದಲ್ಲಿ ನಿಂತು ನೋಡುತ್ತೇನೆ. ಅವಳು ಪ್ರತಿ ಹೆಜ್ಜೆ ಕುಂಟುವಾಗಲೂ ನನಗೆ ನನ್ನ ಗಂಜಿಯ ಫ್ಲಾಸ್ಕ್ ನೆನಪಾಗುತ್ತದೆ. ಅದು ಹೋಗುವುದಿಲ್ಲ. ಹೋಗಬೇಕೆಂದೂ ನಾನು ಕೇಳುವುದಿಲ್ಲ. ಕಬ್ಬಿಣದ ಏಣಿಯನ್ನು ಸುರೇಶ ಗುಜರಿಗೆ ಹಾಕಿದ್ದಾನೆ.

ಮೊನ್ನೆ ಅವನ ಬೋಟು ಬಂತು. ಚೀಲ ತುಂಬ ಬಂಗುಡೆ, ಬೆನ್ನು ಹಸಿರು ಮಿರುಗುವಂಥವು. ನಾನು ಎಂದಿನ ಹಾಗೆ ಚೀಲ ಎತ್ತಿಕೊಂಡು ಗಿರಿಜಕ್ಕನ ಮನೆಯ ಕಡೆ ಹೊರಟೆ. ರೇವತಿ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು.

"ಅತ್ತೆ, ಇವತ್ತ್ ಅದ್ನ ಆಚಿ ಮನಿಗ್ ಕೊಡುದ್ ಬ್ಯಾಡ" ಎಂದಳು.

ಬಾಯಿಲ್ಲದ ಹುಡುಗಿ. ನಾನು ನಿಂತೆ. ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡು, ಕುಂಟುತ್ತಾ ಹಿತ್ತಲಿಗೆ ಹೋಗಿ, ಮಣೆ ಹಾಕಿ ಕಾಲು ಚಾಚಿ ಕೂತು ಮೀನು ಕೊಯ್ದಳು. ನನ್ನ ಎದುರೇ ಕಾಲು ಚಾಚಿ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಹೋಗಿ ಆ ಕಾಲಿನ ಕೆಳಗೆ ಒಂದು ಗೋಣಿ ಮಡಚಿ ಇಟ್ಟೆ.

ಸಾರು ಅವಳೇ ಮಾಡಿದಳು. ಮಧ್ಯಾಹ್ನ ಮೂವರೂ ಒಟ್ಟಿಗೆ ಕೂತೆವು. ನನ್ನ ತಟ್ಟೆಗೆ ಅನ್ನ ಹಾಕಿ, ಕೇಳದೆಯೇ ಒಂದು ಬಂಗುಡೆ ಎತ್ತಿ ಇಟ್ಟಳು. ಸುರೇಶ ಉಣ್ಣುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ತಟ್ಟೆ ನೋಡುತ್ತಾ ಕೂತೆ. ಗಂಡನ ಮುಖ ನೆನಪಾಯಿತು, ಗಾಯದ ಕಾಲಿನದಲ್ಲ, ಮೀನು ತಿನ್ನುವಾಗಿನ ಮುಖ. ಅತ್ತೆಯೂ ನೆನಪಾದರು. ಪಾಪ, ಮಗನನ್ನು ಕಳೆದುಕೊಂಡವರು, ಯಾರನ್ನಾದರೂ ಹೇಳಲೇಬೇಕಿತ್ತು.

"ಮುಳ್ಳ್ ಇತ್ತ್ ಅತ್ತೆ" ಎಂದಳು ರೇವತಿ. "ಕಂಡ್ ತಿನ್ನಿ."

ಕಂಡೇ ತಿಂದೆ.